ಫ್ರೆಂಚ್ ಭಾಷೆಯ ನಿರ್ದೇಶಕ ವಿಶೇಷಣಗಳೂ ಪ್ರಥಮಾಭ್ಯಾಸಿಗಳಿಗೆ ಅವುಗಳ ಬೋಧನಕ್ರಮವೂ

೧. ವಿಷಯಪ್ರಸ್ತಾವ

ಯಾವ ಭಾಷೆಯನ್ನು ಕಲಿಯಹೊರಟ ಬಾಲಕನಿಗಾದರೂ ಮೊದಲ ದಿನಗಳಲ್ಲಿಯೇ ಬೇಕಾಗುವುದು ಬೆರಳು ತೋರಿಸಿ ಆಡುವ ಮಾತು. ಎದುರಿಗಿರುವ ಪುಸ್ತಕವನ್ನೂ ಮರವನ್ನೂ ಮನೆಯನ್ನೂ ನಿರ್ದೇಶಿಸಲಾರದವನು ಅವುಗಳ ವಿಷಯವಾಗಿ ಮುಂದಿನ ವಾಕ್ಯವನ್ನು ಕಟ್ಟಲಾರನು. ಕನ್ನಡದಲ್ಲಿ ಈ ಕಾರ್ಯವನ್ನು ‘ಈ’, ‘ಆ’ ಎಂಬ ಎರಡು ಏಕಾಕ್ಷರ ಶಬ್ದಗಳು ನಿರ್ವಹಿಸುತ್ತವೆ. ಇವುಗಳಿಗೆ ಲಿಂಗವಿಲ್ಲ, ವಚನವಿಲ್ಲ, ವಿಭಕ್ತಿಯಿಲ್ಲ. ಈ ಹುಡುಗ, ಈ ಹುಡುಗಿ, ಈ ಪುಸ್ತಕಗಳು, ಈ ಮನೆಯಲ್ಲಿ ಎಂದು ಎಲ್ಲೆಡೆಯೂ ಒಂದೇ ‘ಈ’ಕಾರವು ನಿಲ್ಲುತ್ತದೆ. ಸಂಸ್ಕೃತದಲ್ಲಿಯಾದರೋ ಅಯಂ ಬಾಲಕಃ, ಇಯಂ ಬಾಲಿಕಾ, ಇದಂ ಪುಸ್ತಕಮ್, ಇಮೇ ಬಾಲಕಾಃ ಎಂದು ವಿಶೇಷಣವು ವಿಶೇಷ್ಯದ ಲಿಂಗವಚನವಿಭಕ್ತಿಗಳನ್ನು ಅನುಸರಿಸುತ್ತದೆ. ಫ್ರೆಂಚ್ ಭಾಷೆಯು ಈ ಎರಡರ ನಡುವಣ ಸ್ಥಿತಿಯಲ್ಲಿದೆ. ಅಲ್ಲಿ ವಿಭಕ್ತಿಭೇದವು ನಷ್ಟವಾಗಿದ್ದರೂ ಲಿಂಗವಚನಗಳ ಅನುಸರಣವು ಉಳಿದುಕೊಂಡಿದೆ.

ಬೆಂಗಳೂರಿನ ಅನೇಕ ಶಾಲೆಗಳಲ್ಲಿ ಮಾಧ್ಯಮಿಕ ತರಗತಿಗಳ ಬಾಲಕರು ಸಂಸ್ಕೃತ, ಹಿಂದೀ ಮುಂತಾದ ಭಾಷೆಗಳಿಗೆ ಪರ್ಯಾಯವಾಗಿ ಫ್ರೆಂಚ್ ಭಾಷೆಯನ್ನು ಆರಿಸಿಕೊಳ್ಳುವುದುಂಟು. ಅವರಿಗೆ ಈ ವಿಶೇಷಣಗಳನ್ನು ಸಾಮಾನ್ಯವಾಗಿ ಒಂದು ಕೋಷ್ಟಕವಾಗಿ ಬರೆಯಿಸಿ, ಕಂಠಪಾಠ ಮಾಡಿಸಿ, ಬಳಿಕ ಬಿಟ್ಟಸ್ಥಳಗಳನ್ನು ತುಂಬಿಸುವುದು ರೂಢಿ. ಕೋಷ್ಟಕವನ್ನು ತಪ್ಪಿಲ್ಲದೆ ಒಪ್ಪಿಸಿದ ಬಾಲಕನೇ ಮರುನಿಮಿಷದಲ್ಲಿ ವಾಕ್ಯದೊಳಗೆ ತಪ್ಪುವನು. ಇದನ್ನು ಅವನ ಅಲಕ್ಷ್ಯವೆಂದೂ ಮಂದಬುದ್ಧಿಯೆಂದೂ ಎಣಿಸುವುದು ನ್ಯಾಯವಲ್ಲ. ದೋಷವು ಬಹುಮಟ್ಟಿಗೆ ಕೋಷ್ಟಕದಲ್ಲಿದೆ. ಅದು ಕಿವಿಗೆ ಸೇರಿದುದನ್ನೂ ಕಣ್ಣಿಗೆ ಸೇರಿದುದನ್ನೂ ಒಂದಾಗಿ ಬೆರೆಸಿ, ನಿಯಮವನ್ನು ಅಪವಾದವೆಂದು ತೋರಿಸುತ್ತದೆ. ಇದು ಹೇಗೆಂಬುದನ್ನೂ, ಕನ್ನಡ ಸಂಸ್ಕೃತಗಳ ಪರಿಚಯವು ಇಲ್ಲಿ ಹೇಗೆ ನೆರವಾಗಬಲ್ಲುದೆಂಬುದನ್ನೂ ಈ ಲೇಖನದಲ್ಲಿ ವಿವರಿಸಲಾಗುವುದು.

೨. ರೂಪಗಳು ನಾಲ್ಕು, ಧ್ವನಿಗಳು ಮೂರು

ಇಲ್ಲಿ ಫ್ರೆಂಚ್ ಶಬ್ದಗಳನ್ನು ಉಚ್ಚಾರಣೆಗೆ ಸಮೀಪವಾಗುವಂತೆ ಕನ್ನಡ ಲಿಪಿಯಲ್ಲಿ ಬರೆದಿದೆ. ಅನುಸ್ವಾರವು ಸ್ವರದ ಅನುನಾಸಿಕತ್ವವನ್ನು ಮಾತ್ರ ಸೂಚಿಸುತ್ತದೆ. ಆ ಭಾಷೆಯ ‘ಟಿ’ ಎಂಬ ಅಕ್ಷರವು ಇಂಗ್ಲಿಷಿನಲ್ಲಿರುವಂತಲ್ಲದೆ ನಮ್ಮ ತಕಾರದಂತೆ ದಂತ್ಯವಾದುದರಿಂದ ‘ತ್’ ಎಂದೇ ಬರೆಯಲ್ಪಟ್ಟಿದೆ.

ನಿರ್ದೇಶಕ ವಿಶೇಷಣದ ರೂಪಗಳು ಇವು. ಪುಲ್ಲಿಂಗ ಏಕವಚನದಲ್ಲಿ, ಮುಂದಿನ ಶಬ್ದವು ವ್ಯಂಜನಾದಿಯಾಗಿದ್ದರೆ ‘ಸ’. ಇದನ್ನು ಸಿ, ಇ ಎಂಬ ಎರಡು ಅಕ್ಷರಗಳಿಂದ ಬರೆಯುವರು. ಮುಂದಿನ ಶಬ್ದವು ಸ್ವರಾದಿಯಾಗಿದ್ದರೆ ‘ಸೆತ್’. ಇದಕ್ಕೆ ಸಿ, ಇ, ಟಿ ಎಂಬ ಮೂರು ಅಕ್ಷರಗಳು. ಸ್ತ್ರೀಲಿಂಗ ಏಕವಚನದಲ್ಲಿ ಮುಂದೆ ಏನೇ ಬರಲಿ ‘ಸೆತ್’. ಆದರೆ ಬರೆವಣಿಗೆಯಲ್ಲಿ ಸಿ, ಇ, ಟಿ, ಟಿ, ಇ ಎಂದು ಐದು ಅಕ್ಷರಗಳು. ಬಹುವಚನದಲ್ಲಿ ಲಿಂಗಭೇದವಿಲ್ಲದೆ ‘ಸೇ’. ಬರೆವಣಿಗೆಯಲ್ಲಿ ಸಿ, ಇ, ಎಸ್. ಫ್ರೆಂಚ್ ಭಾಷೆಯಲ್ಲಿ ನಪುಂಸಕಲಿಂಗವಿಲ್ಲದಿರುವುದರಿಂದ ಪುಸ್ತಕವು ಪುಲ್ಲಿಂಗ, ಮನೆಯು ಸ್ತ್ರೀಲಿಂಗ.

ಉದಾಹರಣೆ: ‘ಸ ಲೀವ್ರ್’ (ಈ ಪುಸ್ತಕ), ‘ಸ ಗಾರ್ಸೋಂ’ (ಈ ಹುಡುಗ), ‘ಸೆತಾರ್ಬ್ರ್’ (ಈ ಮರ), ‘ಸೆತಾಮೀ’ (ಈ ಸ್ನೇಹಿತ), ‘ಸೆತ್ ಮೇಜ಼ೋಂ’ (ಈ ಮನೆ), ‘ಸೆತೇಕೋಲ್’ (ಈ ಶಾಲೆ), ‘ಸೇ ಲೀವ್ರ್’ (ಈ ಪುಸ್ತಕಗಳು). ಬಹುವಚನದ ಮುಂದೆ ಸ್ವರವು ಬಂದರೆ, ಬರೆವಣಿಗೆಯಲ್ಲಿ ಮಾತ್ರವಿದ್ದು ಉಚ್ಚಾರಣೆಯಲ್ಲಿ ಅಡಗಿದ್ದ ಸಕಾರವು ‘ಜ಼್’ ಎಂಬ ಘೋಷಧ್ವನಿಯಾಗಿ ಹೊರಪಟ್ಟು ‘ಸೇಜ಼ಾಮೀ’ (ಈ ಸ್ನೇಹಿತರು) ಎಂದಾಗುತ್ತದೆ.

ಇದರಿಂದ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಬರೆಯುವವನಿಗೆ ರೂಪಗಳು ನಾಲ್ಕು, ಕೇಳುವವನಿಗೆ ಮೂರೇ. ‘ಸೆತಾಮೀ’ ಎಂಬುದನ್ನು ಕೇಳಿದ ಮಾತ್ರದಿಂದ ಸ್ನೇಹಿತನೋ ಸ್ನೇಹಿತೆಯೋ ಎಂದು ಫ್ರಾನ್ಸಿನವನೂ ಹೇಳಲಾರನು. ಏಕೆಂದರೆ ಅಲ್ಲಿ ವಿಶೇಷಣವೂ ವಿಶೇಷ್ಯವೂ ಎರಡು ಲಿಂಗಗಳಲ್ಲಿಯೂ ಒಂದೇ ಧ್ವನಿಯುಳ್ಳವು. ಆದುದರಿಂದ ಈ ಎರಡು ಬರೆವಣಿಗೆಗಳ ಭೇದವು ಲಿಪಿಯ ವಿಷಯವೇ ಹೊರತು ಮಾತಿನ ವಿಷಯವಲ್ಲ. ಮೊದಲ ದಿನವೇ ಬಾಲಕನ ಮುಂದೆ ನಾಲ್ಕನ್ನೂ ಇಡುವುದು, ಮಾತಿನಲ್ಲಿ ತಪ್ಪಲು ಅವಕಾಶವೇ ಇಲ್ಲದ ಎಡೆಯಲ್ಲಿ ಅವನಿಗೆ ಭಯವನ್ನು ಹುಟ್ಟಿಸಿದಂತೆ.

೩. ತಕಾರಲೋಪದ ವಿಚಾರ

ಪಠ್ಯಪುಸ್ತಕಗಳಲ್ಲಿ ‘ಸ’ ಎಂಬುದನ್ನು ಮೂಲರೂಪವೆಂದೂ ‘ಸೆತ್’ ಎಂಬುದನ್ನು ಸ್ವರದ ಮುಂದೆ ಬರುವ ಅಪವಾದವೆಂದೂ ಹೇಳುವುದುಂಟು. ಇತಿಹಾಸದೃಷ್ಟಿಯಿಂದ ಇದು ವಿಪರ್ಯಯ. ಲ್ಯಾಟಿನ್ ಭಾಷೆಯಲ್ಲಿ ‘ಇಗೋ’ ಎಂಬ ಅರ್ಥದ ‘ಎಕ್ಕೆ’ ಎಂಬ ಅವ್ಯಯವು ‘ಇಸ್ತೆ’ ಎಂಬ ಸರ್ವನಾಮದೊಡನೆ ಕೂಡಿ ಪ್ರಾಚೀನ ಫ್ರೆಂಚಿನ ‘ಸಿಸ್ತ್’, ‘ಸೆಸ್ತ್’ ಎಂಬ ರೂಪಗಳು ಹುಟ್ಟಿದುವು. ಫ್ರೆಂಚ್ ಭಾಷೆಯ ಅತಿಪ್ರಾಚೀನ ಲೇಖವೆಂದು ಗಣಿಸಲ್ಪಡುವ ೮೪೨ನೆಯ ಇಸವಿಯ ಸ್ಟ್ರಾಸ್‌ಬರ್ಗ್ ಪ್ರತಿಜ್ಞೆಗಳಲ್ಲಿ ಲೂಯಿ ರಾಜನು ತನ್ನ ತಮ್ಮನಾದ ಶಾರ್ಲನನ್ನು ನಿರ್ದೇಶಿಸುವಾಗ ಈ ‘ಸಿಸ್ತ್’ ಶಬ್ದವೇ ಪ್ರಯುಕ್ತವಾಗಿದೆ. ಮುಂದೆ ಸಕಾರವು ಅಡಗಿ ‘ಸೆತ್’ ಉಳಿಯಿತು. ವ್ಯಂಜನವು ಪರವಾದಾಗ ಕೊನೆಯ ತಕಾರವೂ ಉಳಿಯದೆ ‘ಸ’ ಎಂಬ ಹ್ರಸ್ವರೂಪವು ನೆಲೆಗೊಂಡಿತು. ‘ಲ’, ‘ಲೇ’ ಎಂಬ ಏಕವಚನ ಬಹುವಚನಗಳ ಉಪಪದಗಳ ಸಾದೃಶ್ಯವೂ ಇದಕ್ಕೆ ನೆರವಾಯಿತು. ಹೀಗಿರಲು ತಕಾರಸಹಿತವಾದ ರೂಪವೇ ಪ್ರಾಚೀನ. ತಕಾರರಹಿತವಾದುದು ಸವೆದ ರೂಪ.

ಸಂಸ್ಕೃತಾಭ್ಯಾಸಿಗಳಿಗೆ ಇದು ಅಪರಿಚಿತವಾದ ವ್ಯಾಪಾರವಲ್ಲ. ಪಾಣಿನಿಯು ಅಷ್ಟಾಧ್ಯಾಯಿಯ ಆರನೆಯ ಅಧ್ಯಾಯದ ಮೊದಲನೆಯ ಪಾದದ ೧೩೨ನೆಯ ಸೂತ್ರದಲ್ಲಿ, ಏತದ್, ತದ್ ಎಂಬ ಎರಡು ಸರ್ವನಾಮಗಳ ಪ್ರಥಮೈಕವಚನದ ‘ಸು’ ಪ್ರತ್ಯಯಕ್ಕೆ ವ್ಯಂಜನವು ಪರವಾದಾಗ ಲೋಪವನ್ನು ವಿಧಿಸಿದ್ದಾನೆ. ಆದುದರಿಂದಲೇ ‘ಏಷ ಬಾಲಃ’, ‘ಸ ಗಚ್ಛತಿ’ ಎಂದು ವಿಸರ್ಗವಿಲ್ಲದೆ ಹೇಳುತ್ತೇವೆ. ‘ರಾಮೋ ಗಚ್ಛತಿ’ ಎಂಬಲ್ಲಿ ನಡೆಯುವ ಕಾರ್ಯವು ಇಲ್ಲಿ ನಡೆಯುವುದಿಲ್ಲ. ನಿರ್ದೇಶಕ ಶಬ್ದವು ವ್ಯಂಜನದ ಮುಂದೆ ತನ್ನ ಕೊನೆಯ ಧ್ವನಿಯನ್ನು ಕಳೆದುಕೊಳ್ಳುವುದು ಎರಡು ಕಡೆಗಳಲ್ಲಿಯೂ ಸಮಾನ. ಸಂಸ್ಕೃತದಲ್ಲಿ ಲುಪ್ತವಾಗುವುದು ಪ್ರತ್ಯಯ, ಫ್ರೆಂಚಿನಲ್ಲಿ ಪ್ರಕೃತಿಯ ಅಂತ್ಯವರ್ಣ; ಒಂದರಿಂದ ಇನ್ನೊಂದು ಹುಟ್ಟಿತೆಂಬ ಮಾತೂ ಇಲ್ಲ. ಆದರೂ ಬೋಧನೆಗೆ ಈ ಸಾದೃಶ್ಯವು ಉಪಕಾರಕ. ಕನ್ನಡದಲ್ಲಿಯೂ ‘ಆ ಕಡೆ’, ‘ಈ ಕಡೆ’ ಎಂಬುವು ‘ಅಕ್ಕಡೆ’, ‘ಇಕ್ಕಡೆ’ ಎಂದು ಮಾರ್ಪಡುವುದನ್ನು ನೋಡಿದರೆ, ಬೆರಳು ತೋರಿಸುವ ಚಿಕ್ಕ ಶಬ್ದಗಳು ಮುಂದಿನ ಶಬ್ದಕ್ಕೆ ಎಷ್ಟು ಅಂಟಿಕೊಂಡು ನಡೆಯುವುವೆಂಬುದು ಗೋಚರವಾಗುತ್ತದೆ.

ಇಲ್ಲಿ ಎರಡು ವಿಷಯಗಳನ್ನು ವಿಶೇಷವಾಗಿ ಗಮನಿಸತಕ್ಕದ್ದು. ಮೊದಲನೆಯದು, ಪುಲ್ಲಿಂಗ ಏಕವಚನದಲ್ಲಿ ತಕಾರದ ಇರವನ್ನು ನಿರ್ಣಯಿಸುವುದು ವಿಶೇಷ್ಯವಲ್ಲ. ನಿರ್ದೇಶಕದ ಅನಂತರ ಅವ್ಯವಹಿತವಾಗಿ ಬರುವ ಶಬ್ದ. ‘ಸೆತಾರ್ಬ್ರ್’ ಎಂದರೆ ಈ ಮರ. ಆದರೆ ‘ದೊಡ್ಡ’ ಎಂಬ ಅರ್ಥದ ‘ಗ್ರಾಂ’ ಶಬ್ದವು ನಡುವೆ ಬಂದರೆ ‘ಸ ಗ್ರಾಂತಾರ್ಬ್ರ್’. ಇದಕ್ಕೆ ಪ್ರತಿಯಾಗಿ ‘ಸ ಲೀವ್ರ್’ ಎಂದರೆ ಈ ಪುಸ್ತಕ. ‘ಬೇರೆ’ ಎಂಬ ಅರ್ಥದ ‘ಓತ್ರ್’ ನಡುವೆ ಬಂದರೆ ‘ಸೆತೋತ್ರ್ ಲೀವ್ರ್’. ಲಿಂಗವನ್ನು ಕೊಡುವುದು ವಿಶೇಷ್ಯ. ಸಂಧಿಯನ್ನು ಕೊಡುವುದು ಸಾನ್ನಿಧ್ಯ. ಕೋಷ್ಟಕದಲ್ಲಿ ಈ ವಿಭಾಗವು ಕಾಣುವುದಿಲ್ಲ.

ಎರಡನೆಯದು ಹಕಾರದ ವಿಷಯ. ಫ್ರೆಂಚ್ ಭಾಷೆಯಲ್ಲಿ ಹಕಾರಲಿಪಿಯು ಎಲ್ಲಿಯೂ ಉಚ್ಚರಿಸಲ್ಪಡುವುದಿಲ್ಲ. ಆದರೂ ಕೆಲವು ಶಬ್ದಗಳಲ್ಲಿ ಅದು ಸಂಪೂರ್ಣವಾಗಿ ಇಲ್ಲದಂತೆಯೂ, ಕೆಲವು ಶಬ್ದಗಳಲ್ಲಿ ವ್ಯಂಜನವು ಇದ್ದಂತೆಯೂ ವ್ಯವಹರಿಸುತ್ತದೆ. ‘ಒಮ್’ (ಮನುಷ್ಯ), ‘ಈವೇರ್’ (ಚಳಿಗಾಲ) ಎಂಬುವು ಮೊದಲನೆಯ ವರ್ಗದವು: ‘ಸೆತೊಮ್’, ‘ಸೆತೀವೇರ್’. ‘ಈಬೂ’ (ಗೂಬೆ), ‘ಏರೋ’ (ವೀರ) ಎಂಬುವು ಎರಡನೆಯ ವರ್ಗದವು: ‘ಸ ಈಬೂ’, ‘ಸ ಏರೋ’. ಕಿವಿಗೆ ಕೇಳಿಸದಿದ್ದರೂ ಸಂಧಿಯನ್ನು ತಡೆಯುವ ಈ ವರ್ಣವನ್ನು ಒಂದು ವಿಧವಾದ ಸ್ಥಾನಿವದ್ಭಾವದಂತೆ ತಿಳಿದರೆ ಸಾಕು. ಬಹುವಚನದಲ್ಲಿಯೂ ‘ಸೇ ಏರೋ’ (ಈ ವೀರರು) ಎಂದು ಬಿಡಿಸಿಯೇ ಹೇಳಬೇಕು. ‘ಸೇಜ಼ೇರೋ’ ಎಂದು ಕೂಡಿಸಿದರೆ ‘ಈ ಸೊನ್ನೆಗಳು’ ಎಂದು ಕೇಳಿಸಿ ವೀರರೆಲ್ಲರೂ ಶೂನ್ಯರಾಗುವರು. ಬಾಲಕರು ಈ ಒಂದು ಉದಾಹರಣೆಯಿಂದ ನಿಯಮವನ್ನು ಮರೆಯದೆ ಉಳಿಸಿಕೊಳ್ಳುವರು.

ತಕಾರಸಹಿತವಾದ ರೂಪವು ಒಂಟಿಯಾದ ಅಪವಾದವೂ ಅಲ್ಲ. ‘ಸುಂದರ’ ಎಂಬ ಅರ್ಥದ ‘ಬೋ’ ಶಬ್ದವು ಸ್ವರದ ಮುಂದೆ ‘ಬೆಲ್’ ಎಂದೂ, ‘ಹೊಸ’ ಎಂಬ ಅರ್ಥದ ‘ನೂವೋ’ ಶಬ್ದವು ‘ನೂವೆಲ್’ ಎಂದೂ, ‘ಹಳೆಯ’ ಎಂಬ ಅರ್ಥದ ‘ವ್ಯೋ’ ಶಬ್ದವು ‘ವ್ಯೆಯ್’ ಎಂದೂ ಆಗುತ್ತವೆ. ಈ ಮೂರರಲ್ಲಿಯೂ ಸ್ವರದ ಮುಂದಣ ಪುಲ್ಲಿಂಗರೂಪದ ಧ್ವನಿಯು ಸ್ತ್ರೀಲಿಂಗರೂಪದ ಧ್ವನಿಯೇ ಆಗಿದೆ. ಬರೆವಣಿಗೆ ಮಾತ್ರ ಬೇರೆ. ‘ಸೆತ್’ ಶಬ್ದದ ಸ್ಥಿತಿಯೂ ಇದೇ. ನಾಲ್ಕು ಅಪವಾದಗಳೆಂದು ಕಲಿಸುವುದಕ್ಕಿಂತ ಒಂದು ಗಣವೆಂದು ಕಲಿಸುವುದು ಲಘುವಾದ ಮಾರ್ಗ. ಲಾಘವವೇ ಶಾಸ್ತ್ರಕ್ಕೆ ಭೂಷಣವಷ್ಟೆ.

೪. ದೂರ ಸಮೀಪಗಳ ಭೇದ

ಕನ್ನಡದ ಬಾಲಕನಿಗೆ ಅತ್ಯಂತ ವಿಚಿತ್ರವಾಗಿ ತೋರುವುದು ರೂಪಭೇದವಲ್ಲ, ಅರ್ಥದಲ್ಲಿ ಭೇದವಿಲ್ಲದಿರುವುದು. ‘ಈ’ ಎಂಬುದಕ್ಕೂ ‘ಆ’ ಎಂಬುದಕ್ಕೂ ಬೇರೆ ಬೇರೆ ಶಬ್ದಗಳನ್ನು ಅವನು ಹುಡುಕುವನು. ಇಂಗ್ಲಿಷಿನಲ್ಲಿಯೂ ಅವನಿಗೆ ಎರಡು ಶಬ್ದಗಳು ದೊರೆತಿರುತ್ತವೆ. ಫ್ರೆಂಚ್ ಭಾಷೆಯಲ್ಲಿ ‘ಸ ಲೀವ್ರ್’ ಎಂಬುದು ಈ ಪುಸ್ತಕವೂ ಅಹುದು, ಆ ಪುಸ್ತಕವೂ ಅಹುದು.

ಇದು ಭಾಷೆಯ ಹುಟ್ಟುಗುಣವಲ್ಲ. ಲ್ಯಾಟಿನ್ ಭಾಷೆಯಲ್ಲಿ ವಕ್ತೃವಿನ ಬಳಿಯದಕ್ಕೆ ‘ಹಿಕ್’, ಶ್ರೋತೃವಿನ ಬಳಿಯದಕ್ಕೆ ‘ಇಸ್ತೆ’, ಇಬ್ಬರಿಗೂ ದೂರವಾದುದಕ್ಕೆ ‘ಇಲ್ಲೆ’ ಎಂದು ಮೂರು ಮೆಟ್ಟಿಲುಗಳಿದ್ದುವು. ಪ್ರಾಚೀನ ಫ್ರೆಂಚಿನಲ್ಲಿ ‘ಸಿಸ್ತ್’ ಸಮೀಪಕ್ಕೂ, ‘ಇಲ್ಲೆ’ ಶಬ್ದದಿಂದ ಹುಟ್ಟಿದ ‘ಸಿಲ್’ ದೂರಕ್ಕೂ ಎಂದು ಎರಡು ಉಳಿದುವು. ಕಾಲಕ್ರಮದಲ್ಲಿ ಈ ಅರ್ಥಭೇದವು ಅಳಿದು, ಮೊದಲನೆಯದರ ವಂಶವು ವಿಶೇಷಣವಾಗಿಯೂ ಎರಡನೆಯದರ ವಂಶವು ಸರ್ವನಾಮವಾಗಿಯೂ ಕಾರ್ಯವನ್ನು ಹಂಚಿಕೊಂಡುವು. ಕನ್ನಡದ ಚರಿತ್ರೆಯೂ ಇದಕ್ಕೆ ದೂರವಲ್ಲ. ಹಳಗನ್ನಡದಲ್ಲಿ ‘ಇವನ್’, ‘ಅವನ್’ ಎಂಬುವುಗಳ ನಡುವೆ ‘ಉವನ್’ ಎಂಬ ಮಧ್ಯಮನಿರ್ದೇಶವಿದ್ದು ಈಗ ಅದು ಬಳಕೆಯಲ್ಲಿಲ್ಲ. ಮೂರು ಎರಡಾಗುವುದು ಅಲ್ಲಿಯೂ ಉಂಟು, ಇಲ್ಲಿಯೂ ಉಂಟು; ಫ್ರೆಂಚ್ ಭಾಷೆಯು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಎರಡನ್ನು ಒಂದಾಗಿಸಿತು. ಸಂಸ್ಕೃತದಲ್ಲಿಯಾದರೋ ಇದಮ್, ಏತದ್, ಅದಸ್, ತದ್ ಎಂಬ ನಾಲ್ಕಕ್ಕೆ ಸನ್ನಿಕೃಷ್ಟ, ಸಮೀಪತರ, ವಿಪ್ರಕೃಷ್ಟ, ಪರೋಕ್ಷ ಎಂಬ ನಾಲ್ಕು ವಿಷಯಗಳನ್ನು ಪರಂಪರೆಯು ಹೇಳುತ್ತದೆ.

ಕಳೆದುಕೊಂಡ ಭೇದವನ್ನು ಹೇಳಲೇಬೇಕಾದಾಗ ಫ್ರೆಂಚ್ ಭಾಷೆಯು ವಿಶೇಷ್ಯದ ಹಿಂದೆ, ಅಂದರೆ ಅದರ ಅನಂತರ, ಅಡ್ಡಗೆರೆಯೊಡನೆ ‘ಸಿ’ ಅಥವಾ ‘ಲಾ’ ಎಂಬುದನ್ನು ಸೇರಿಸುತ್ತದೆ. ‘ಸ ಲೀವ್ರ್-ಸಿ’ ಎಂದರೆ ಈ ಪುಸ್ತಕ, ‘ಸ ಲೀವ್ರ್-ಲಾ’ ಎಂದರೆ ಆ ಪುಸ್ತಕ. ಮೊದಲನೆಯದು ‘ಇಲ್ಲಿ’ ಎಂಬ ಅರ್ಥದ ‘ಇಸಿ’ ಶಬ್ದದ ಬಂಧು. ಎರಡನೆಯದು ‘ಅಲ್ಲಿ’ ಎಂಬ ಅರ್ಥದ ಶಬ್ದವೇ. ‘ಇಲ್ಲಿಯ ಪುಸ್ತಕ, ಅಲ್ಲಿಯ ಪುಸ್ತಕ’ ಎಂಬ ಕನ್ನಡದ ಮಾತನ್ನು ನೆನಪಿಸಿದರೆ ಬಾಲಕನು ಕ್ಷಣದಲ್ಲಿ ಗ್ರಹಿಸುವನು. ಎರಡು ವಸ್ತುಗಳನ್ನು ಎದುರುಬದುರಾಗಿ ಬೇರ್ಪಡಿಸಬೇಕಾದಾಗ ಮಾತ್ರ ಇವು ಅವಶ್ಯಕ. ಎಲ್ಲೆಡೆಯೂ ಸೇರಿಸುವುದು ತಪ್ಪು ಅಭ್ಯಾಸ. ಕಾಲವಾಚಕಗಳಲ್ಲಿ ಈ ಭೇದವು ಮುಖ್ಯ: ‘ಸ ಸ್ವಾರ್’ ಎಂದರೆ ಇಂದಿನ ಸಂಜೆ, ‘ಸ ಸ್ವಾರ್-ಲಾ’ ಎಂದರೆ ಆ ಸಂಜೆ, ‘ಸೇ ಝೂರ್-ಸಿ’ ಎಂದರೆ ಈಚಿನ ದಿನಗಳಲ್ಲಿ.

೫. ಬೋಧನಕ್ರಮ

ಮೇಲಿನ ವಿಚಾರದಿಂದ ಈ ಕೆಳಗಿನ ಕ್ರಮವು ಫಲಿಸುತ್ತದೆ.

ಮೊದಲನೆಯ ಹಂತದಲ್ಲಿ ನಿರ್ದೇಶಕವನ್ನು ಹೇಳಿಕೊಡಲೇಬಾರದು. ಶಬ್ದಗಳನ್ನು ‘ಒಂದು’ ಎಂಬ ಅರ್ಥದ ಉಪಪದದೊಡನೆ, ಅಂದರೆ ಪುಲ್ಲಿಂಗಕ್ಕೆ ‘ಅಂ’ ಸ್ತ್ರೀಲಿಂಗಕ್ಕೆ ‘ಯೂನ್’ ಎಂಬುದರೊಡನೆ, ಕೂಡಿಸಿಯೇ ಕಲಿಸಬೇಕು. ‘ಲ’, ‘ಲಾ’ ಎಂಬ ನಿಶ್ಚಯೋಪಪದಗಳೊಡನೆ ಕಲಿಸಿದರೆ, ಸ್ವರಾದಿಯಾದ ಶಬ್ದಗಳ ಮುಂದೆ ಅವುಗಳ ಸ್ವರವು ಲೋಪವಾಗಿ ‘ಲೇಕೋಲ್’, ‘ಲಾರ್ಬ್ರ್’ ಎಂದಾಗುವುದರಿಂದ ಲಿಂಗವು ಮರೆಯಾಗುತ್ತದೆ. ಅದೇ ಶಬ್ದಗಳ ಮುಂದೆ ನಿರ್ದೇಶಕವೂ ‘ಸೆತ್’ ಎಂದು ಒಂದೇ ಧ್ವನಿಯಾಗುವುದು. ಹೀಗೆ ಎರಡು ಕಡೆಯೂ ಬಾಗಿಲು ಮುಚ್ಚಿದ ಮೇಲೆ ಬಾಲಕನು ಲಿಂಗವನ್ನು ಎಲ್ಲಿಂದ ತಿಳಿಯಬೇಕು?

ಎರಡನೆಯ ಹಂತವು ಕಿವಿಯದು. ಪುಸ್ತಕ, ಮೇಜು, ಬಾಗಿಲು, ಚಿತ್ರ, ಮರ ಮುಂತಾಗಿ ತರಗತಿಯಲ್ಲಿಯೂ ಕಿಟಕಿಯಾಚೆಯೂ ಕಾಣುವ ವಸ್ತುಗಳನ್ನು ತೋರಿಸಿ ‘ಸ’, ‘ಸೆತ್’, ‘ಸೇ’ ಎಂಬ ಮೂರು ಧ್ವನಿಗಳಲ್ಲಿಯೇ ಮಾತನಾಡಿಸಬೇಕು. ಕರಿಹಲಗೆಯ ಮೇಲೆ ಏನನ್ನೂ ಬರೆಯಬಾರದು. ವ್ಯಂಜನಾದಿಯಾದ ಪುಲ್ಲಿಂಗ, ವ್ಯಂಜನಾದಿಯಾದ ಸ್ತ್ರೀಲಿಂಗ, ಬಳಿಕ ಸ್ವರಾದಿಯಾದುವು ಎಂದು ಮುಂದುವರಿಯಬೇಕು. ಸ್ವರಾದಿಗಳಲ್ಲಿ ಲಿಂಗವಾವುದಾದರೂ ‘ಸೆತ್’ ಒಂದೇ ಆದುದರಿಂದ ಅಲ್ಲಿ ಬಾಲಕನು ತಪ್ಪಲಾರನು. ತಪ್ಪಲಾರೆನೆಂಬ ಧೈರ್ಯವು ಆರಂಭದಲ್ಲಿ ಬಹು ಬೆಲೆಯುಳ್ಳದ್ದು.

ಮೂರನೆಯ ಹಂತವು ಕಣ್ಣಿನದು. ಮೂರು ಧ್ವನಿಗಳು ನಾಲಿಗೆಗೆ ಒಗ್ಗಿದ ಮೇಲೆ ‘ಸೆತ್’ ಎಂಬುದಕ್ಕೆ ಎರಡು ಬರೆವಣಿಗೆಗಳುಂಟೆಂದು ತಿಳಿಸಬೇಕು. ಆಗ ಲಿಂಗವನ್ನು ಶ್ರವಣಗೋಚರವಾಗಿಸುವ ಒಂದು ಗುಣವಾಚಕವನ್ನು ಹಿಂದೆ ಸೇರಿಸುವುದು ಉತ್ತಮೋಪಾಯ. ‘ಹಸುರು’ ಎಂಬ ಅರ್ಥದ ಶಬ್ದವು ಪುಲ್ಲಿಂಗದಲ್ಲಿ ‘ವೇರ್’, ಸ್ತ್ರೀಲಿಂಗದಲ್ಲಿ ‘ವೇರ್ತ್’. ‘ಸೆತಾರ್ಬ್ರ್ ವೇರ್’ ಎಂಬುದನ್ನು ಉಕ್ತಲೇಖನವಾಗಿ ಹೇಳಿದರೆ ಕೊನೆಯಲ್ಲಿ ತಕಾರವು ಕೇಳಿಸದಿರುವುದರಿಂದ ಮೂರಕ್ಷರದ ರೂಪವೇ ಸಾಧುವೆಂದು ಬಾಲಕನು ತಾನೇ ಊಹಿಸುವನು. ಊಹಿಸಿ ಬರೆದುದು ಒಪ್ಪಿಸಿ ಬರೆದುದಕ್ಕಿಂತ ಬಹುಕಾಲ ನಿಲ್ಲುವುದು.

ನಾಲ್ಕನೆಯ ಹಂತದಲ್ಲಿ ನಡುವೆ ಗುಣವಾಚಕವು ಬಂದು ಸಂಧಿಯು ಮಾರ್ಪಡುವ ಉದಾಹರಣೆಗಳೂ, ಐದನೆಯದರಲ್ಲಿ ‘ಸಿ’, ‘ಲಾ’ಗಳ ಪ್ರಯೋಗವೂ ಬರತಕ್ಕುವು. ಕೋಷ್ಟಕವು ಬರಬೇಕಾದುದು ಇದೆಲ್ಲದರ ಅನಂತರ. ಅದು ಕಲಿತುದರ ಸಂಗ್ರಹವಾಗಿರಬೇಕು, ಕಲಿಯುವ ದಾರಿಯಾಗಬಾರದು.

೬. ಕೆಲವು ತಪ್ಪುಗಳು

ಆರಂಭದಲ್ಲಿ ಕಂಡುಬರುವ ತಪ್ಪುಗಳಿಗೆ ಪ್ರಾಯಶಃ ಕಾರಣವುಂಟು. ‘ಲಾಮೀ’ ಎಂಬುದರ ಸಾದೃಶ್ಯದಿಂದ ‘ಸಾಮೀ’ ಎಂದು ಸ್ವರವನ್ನು ಲೋಪಗೊಳಿಸುವುದು ಒಂದು. ಉಪಪದವು ಸ್ವರದ ಮುಂದೆ ತನ್ನ ಸ್ವರವನ್ನು ಬಿಡುತ್ತದೆ. ನಿರ್ದೇಶಕ ವಿಶೇಷಣವು ಬಿಡದೆ ತಕಾರವನ್ನು ಮುಂದಿಡುತ್ತದೆ. ಆದರೆ ‘ಇದು’ ಎಂಬ ಅರ್ಥದ ‘ಸ’ ಎಂಬ ಸರ್ವನಾಮವು ‘ಇದೆ, ಆಗಿದೆ’ ಎಂಬ ಕ್ರಿಯಾಪದದ ಮುಂದೆ ಸ್ವರವನ್ನು ಬಿಟ್ಟು ‘ಸೇ’ ಎಂದಾಗುವುದು. ಈ ‘ಸೇ’, ಬಹುವಚನದ ನಿರ್ದೇಶಕವಾದ ‘ಸೇ’, ‘ಅವನ, ಅವಳ’ ಎಂಬ ಅರ್ಥದ ಬಹುವಚನದ ‘ಸೇ’ ಈ ಮೂರೂ ಅನೇಕರ ಉಚ್ಚಾರಣೆಯಲ್ಲಿ ಏಕರೂಪವಾಗಿ, ಬರೆವಣಿಗೆಯಲ್ಲಿ ಭಿನ್ನವಾಗಿವೆ. ಇವುಗಳನ್ನು ಒಂದೇ ದಿನ ಒಟ್ಟಿಗೆ ಹೇಳಿಕೊಡುವುದು ಗೊಂದಲಕ್ಕೆ ಮೂಲ. ಒಂದು ಪರೀಕ್ಷೆಯನ್ನು ಮಾತ್ರ ಹೇಳಿಕೊಟ್ಟರೆ ಸಾಕು: ವಿಶೇಷ್ಯವನ್ನು ಏಕವಚನಕ್ಕೆ ತಿರುಗಿಸಿದಾಗ ‘ಸ’ ಅಥವಾ ‘ಸೆತ್’ ಬಂದರೆ ಅದು ನಿರ್ದೇಶಕ.

ಕನ್ನಡದಲ್ಲಿ ‘ಈ ಹುಡುಗನೂ ಹುಡುಗಿಯೂ’ ಎಂದು ಒಂದೇ ‘ಈ’ಕಾರವು ಇಬ್ಬರಿಗೂ ಸಾಲುತ್ತದೆ. ಫ್ರೆಂಚಿನಲ್ಲಿ ‘ಸ ಗಾರ್ಸೋಂ’ ಎಂದೂ ‘ಸೆತ್ ಫೀಯ್’ ಎಂದೂ ಪ್ರತ್ಯೇಕವಾಗಿ ಆವೃತ್ತಿ ಮಾಡಬೇಕು. ಈ ಶಬ್ದವು ಉಪಪದದ ಸ್ಥಾನವನ್ನೇ ಆಕ್ರಮಿಸುವುದರಿಂದ ಇದರೊಡನೆ ಉಪಪದವನ್ನು ಸೇರಿಸುವಂತಿಲ್ಲ. ಆದುದರಿಂದಲೇ ಈಚಿನ ಫ್ರೆಂಚ್ ವೈಯಾಕರಣರು ಇದನ್ನು ವಿಶೇಷಣವೆನ್ನದೆ ‘ನಿರ್ಧಾರಕ’ವೆಂಬ ಬೇರೆಯ ವರ್ಗಕ್ಕೆ ಸೇರಿಸಿರುತ್ತಾರೆ.

೭. ಭಾಷಾಂತರದಲ್ಲಿ ಎಚ್ಚರಿಕೆ

ಸಾಹಿತ್ಯೋಪಾಧ್ಯಾಯರು ಗಮನಿಸತಕ್ಕ ವಿಷಯವೊಂದು ಉಳಿದಿದೆ. ಒಂದು ಕಥೆಯಲ್ಲಿ ರಾಜನನ್ನು ಮೊದಲು ಹೆಸರಿಸಿ, ಮುಂದಿನ ವಾಕ್ಯದಲ್ಲಿ ‘ಸ ರ್ವಾ’ ಎಂದು ಫ್ರೆಂಚ್ ಲೇಖಕನು ಬರೆದರೆ, ‘ಸ’ ಎಂದರೆ ‘ಈ’ ಎಂದು ಕಲಿತ ಬಾಲಕನು ‘ಈ ರಾಜನು’ ಎಂದು ಭಾಷಾಂತರಿಸುವನು. ಕನ್ನಡದ ಕಥನಮಾರ್ಗವು ‘ಒಬ್ಬ ರಾಜನಿದ್ದನು, ಆ ರಾಜನಿಗೆ’ ಎಂಬುದು. ಪೂರ್ವೋಕ್ತವನ್ನು ಪರಾಮರ್ಶಿಸುವಾಗ ಕನ್ನಡವು ದೂರನಿರ್ದೇಶವನ್ನು ಬಯಸುತ್ತದೆ. ಫ್ರೆಂಚ್ ಭಾಷೆಯು ದೂರ ಸಮೀಪಗಳಲ್ಲಿ ಉದಾಸೀನವಾಗಿದೆ. ಆದುದರಿಂದ ‘ಸ’ ಎಂಬುದಕ್ಕೆ ‘ಈ’ ಎಂದಾಗಲಿ ‘ಆ’ ಎಂದಾಗಲಿ ಒಂದೇ ಅರ್ಥವನ್ನು ನಿಯಮಿಸಿ ಬರೆಯಿಸಬಾರದು; ಸಂದರ್ಭದಿಂದ ನಿರ್ಣಯಿಸುವುದನ್ನು ಅಭ್ಯಾಸಮಾಡಿಸಬೇಕು. ಇಲ್ಲವಾದರೆ ಬಾಲಕನು ಫ್ರೆಂಚ್ ಕಲಿಯುವುದಕ್ಕೆ ಮುಂಚೆಯೇ ಕನ್ನಡವನ್ನು ಕೆಡಿಸಿಕೊಳ್ಳುವನು.

೮. ಉಪಸಂಹಾರ

ಒಟ್ಟಿನಲ್ಲಿ, ಈ ನಾಲ್ಕು ಚಿಕ್ಕ ಶಬ್ದಗಳಲ್ಲಿ ಲಿಂಗ, ವಚನ, ಸಂಧಿ, ಲಿಪಿ ಎಂಬ ನಾಲ್ಕು ಬೇರೆ ಬೇರೆ ವಿಷಯಗಳು ಹೆಣೆದುಕೊಂಡಿವೆ. ಇವುಗಳನ್ನು ಒಮ್ಮೆಗೇ ಮುಂದಿಟ್ಟರೆ ಕಷ್ಟ. ಒಂದೊಂದಾಗಿ ಬಿಡಿಸಿ ಇಟ್ಟರೆ ಹನ್ನೊಂದು ಹನ್ನೆರಡು ವರ್ಷದ ಬಾಲಕನಿಗೂ ಸುಲಭ. ಪರಭಾಷೆಯನ್ನು ಕಲಿಸುವವನು ಮಾತೃಭಾಷೆಯನ್ನು ತರಗತಿಯ ಹೊರಗೆ ನಿಲ್ಲಿಸಬೇಕೆಂಬ ಅಭಿಪ್ರಾಯವೂ ಇಲ್ಲಿ ಪುನರ್ವಿಚಾರಕ್ಕೆ ಯೋಗ್ಯವಾಗಿದೆ. ‘ಅಕ್ಕಡೆ ಇಕ್ಕಡೆ’ ಎಂಬುದನ್ನು ಬಲ್ಲ ಬಾಲಕನಿಗೆ ಸಂಧಿಯು ಹೊಸದಲ್ಲ. ‘ಏಷ ಬಾಲಃ’ ಎಂಬುದನ್ನು ಬಲ್ಲವನಿಗೆ ಲೋಪವು ಹೊಸದಲ್ಲ. ತನ್ನ ಮನೆಯಲ್ಲಿ ಕಂಡ ವ್ಯಾಪಾರವೇ ದೂರದೇಶದ ಭಾಷೆಯಲ್ಲಿಯೂ ನಡೆಯುತ್ತಿದೆಯೆಂದು ತಿಳಿದಾಗ ಅವನಿಗೆ ಆ ಭಾಷೆಯ ಮೇಲಿನ ಭಯವು ಹೋಗಿ ತನ್ನ ಭಾಷೆಯ ಮೇಲಿನ ಗೌರವವು ಹೆಚ್ಚುವುದು. ವ್ಯಾಕರಣಬೋಧನೆಯಿಂದ ಇವೆರಡೂ ಲಭಿಸುವುದಾದರೆ ಕೋಷ್ಟಕವನ್ನು ಕೆಲವು ವಾರಗಳ ಕಾಲ ಮುಂದೂಡುವುದರಿಂದ ನಷ್ಟವೇನೂ ಇಲ್ಲ.